ಒಂದು ಸಭೆ ಬಿಟ್ಟು ಇನ್ನೊಂದು ಸಿಗುವವರೆಗಿನ ದಿನಗಳನ್ನು ನೀವು ಹೇಗೆ ಕಳೆದಿರಿ?

ಚಂದ್ರಗಿರಿ ದಡ · ಭಾನುವಾರ ರಾತ್ರಿ 9.50

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು.

ಕಾಸರಗೋಡು ಪೇಟೆಯಿಂದ ಸ್ವಲ್ಪ ಒಳಗೆ ಒಂದು ಚಿಕ್ಕ ಕನ್ನಡ ಸಭೆ. ಒಂಬತ್ತು ವರ್ಷದಿಂದ ನಾನು ಅಲ್ಲಿ ಸಭಾಪಾಲಕ. ಈಸ್ಟರ್ ಕಳೆದ ವಾರ ವರ್ಗಾವಣೆ ಪತ್ರ ಬಂತು. ಮೇ ಕೊನೆಗೆ ಇಲ್ಲಿಂದ ಬಿಡಬೇಕು. ಎಲ್ಲಿಗೆ ಹೋಗಬೇಕು ಅಂತ ಅದರಲ್ಲಿಲ್ಲ. ‘ಮುಂದಿನ ನೇಮಕ ನಂತರ ತಿಳಿಸಲಾಗುವುದು’ ಅಂತ ಒಂದು ಸಾಲು ಅಷ್ಟೇ. ನನ್ನ ಜಾಗಕ್ಕೆ ಬರುವವರು ಚಂದ್ರಗಿರಿ ಹೊಳೆಯ ತೆಂಕು ಬದಿಯವರು. ನನಗಿಂತ ಹದಿನೈದು ವರ್ಷ ಚಿಕ್ಕವರು. ಮನೆಮಾತು ಮಲಯಾಳ. ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ.

ಪಂಗಡದ ಹೆಸರು ಬರೆಯುವುದಿಲ್ಲ. ಮೇಲಿನವರ ಮೇಲೆ ದೂರು ಹೇಳಲು ಇದನ್ನು ಬರೆಯುತ್ತಿಲ್ಲ.

ನಮ್ಮ ಸಭೆಯವರ ಮನೆಗಳಲ್ಲಿ ತುಳು. ಬೈಬಲ್, ಹಾಡು, ಪ್ರಸಂಗ ಕನ್ನಡದಲ್ಲಿ. ಮಕ್ಕಳ ಶಾಲೆ, ಬಸ್ಸಿನ ಬೋರ್ಡು, ಆಫೀಸಿನ ಕಾಗದ ಜಾಸ್ತಿ ಮಲಯಾಳದಲ್ಲಿ. ನಾನು ಬಂದಾಗ ಸಂಡೇ ಸ್ಕೂಲಿನಲ್ಲಿ ಹದಿನೆಂಟು ಮಕ್ಕಳು ಕನ್ನಡ ಬೈಬಲ್ ಓದುತ್ತಿದ್ದರು. ಈಗ ಐದು ಮಕ್ಕಳು ಓದುತ್ತಾರೆ. ಉಳಿದವರಿಗೆ ಅರ್ಥವಾಗುತ್ತದೆ, ಅಕ್ಷರ ಗೊತ್ತಿಲ್ಲ. ತಿಂಗಳಿಗೆ ಒಂದು ಆರಾಧನೆ ಮಲಯಾಳದಲ್ಲಿ ಇಡಿ ಅಂತ ಯುವಕರು ಎರಡು ವರ್ಷದಿಂದ ಕೇಳುತ್ತಿದ್ದಾರೆ. ನಾನು ಇವತ್ತು ನಾಳೆ ಅನ್ನುತ್ತಾ ಬಂದೆ.

ನಾನು ಸೇವೆಗೆ ಬಂದಿದ್ದೇ ಕನ್ನಡದಲ್ಲಿ ವಾಕ್ಯ ಸಾರಬೇಕು ಅಂತ. ಅದೇ ನನಗೆ ದೇವರು ಕೊಟ್ಟ ಕರೆ ಅಂತ ಇಪ್ಪತ್ತಾರು ವರ್ಷ ನಂಬಿದ್ದೇನೆ. ಈಗ ನನ್ನ ನಂತರ ಅದು ಇಲ್ಲಿ ಇರುತ್ತದೋ ಇಲ್ಲವೋ ಗೊತ್ತಿಲ್ಲ. ಮುಂದೆ ನಾನೆಲ್ಲಿ ಅಂತಲೂ ಗೊತ್ತಿಲ್ಲ.

ಹೋದ ವಾರ ಕಮಿಟಿ ಸೇರಿತ್ತು. ಹೊಸಬರು ಬರುವ ಮೊದಲು ಸಭಾಪಾಲಕರ ಮನೆಗೆ ಬಣ್ಣ ಹೊಡೆಸಬೇಕು, ಹಳದಿಯೋ ಬಿಳಿಯೋ ಅಂತ ಅರ್ಧ ಗಂಟೆ ಮಾತಾಯಿತು. ಅವರು ತಪ್ಪು ಮಾಡಲಿಲ್ಲ. ನಾನು ಅಲ್ಲೇ ಕೂತಿದ್ದೆ. ಆ ಮನೆಯ ಬೀಗದ ಕೈ ನನ್ನ ಜೇಬಿನಲ್ಲಿತ್ತು. ಅವತ್ತಿಂದ ಪ್ರಸಂಗ ಬರೆಯಲು ಕೂತರೆ ಪೆನ್ನು ಓಡುತ್ತಿಲ್ಲ.

ಇಂಥ ದಿನ ನೋಡಿದವರು ಇಲ್ಲಿ ಇದ್ದೀರಿ. ಈ ಐದಾರು ವಾರ ಹೇಗೆ ಕಳೆಯಬೇಕು? ಸುಮ್ನೆ ಪ್ರಾರ್ಥನೆ ಮಾಡಿ ಅಂತ ಮಾತ್ರ ಹೇಳಬೇಡಿ. ಪ್ರಾರ್ಥನೆ ಮಾಡುತ್ತಿದ್ದೇನೆ.

ಬಲ್ಮಠದ ಹಳೆ ವಿದ್ಯಾರ್ಥಿ · ಸೋಮವಾರ ಬೆಳಿಗ್ಗೆ 6.15

ಪ್ರಿಯ ಅಯ್ಯನವರೇ, ನಾನು ನಿವೃತ್ತನಾಗಿ ಎಂಟು ವರ್ಷ. ಏಳು ಸಭೆಗಳಲ್ಲಿ ಇದ್ದೆ. ಏಳು ಸಲ ಸಾಮಾನು ಕಟ್ಟಿದ್ದೇನೆ, ಏಳು ಸಲವೂ ಅತ್ತಿದ್ದೇನೆ. ಹಾಗಾಗಿ ಮೊದಲು ಒಂದು ಮಾತು. ಬೇಸರವಾದರೆ ಅದನ್ನು ಮುಚ್ಚಿಡಬೇಡಿ. ಮಿಲೇತದಲ್ಲಿ ಪೌಲ ಎಫೆಸದ ಹಿರಿಯರನ್ನು ಬೀಳ್ಕೊಟ್ಟಾಗ ಎಲ್ಲರೂ ಅವನ ಕೊರಳು ಹಿಡಿದು ಅತ್ತರು. ಇನ್ನು ಅವನ ಮುಖ ಕಾಣುವುದಿಲ್ಲ ಅನ್ನುವುದೇ ಅವರಿಗೆ ಎಲ್ಲಕ್ಕಿಂತ ದೊಡ್ಡ ನೋವು. ಅಪೊಸ್ತಲರ ಕೃತ್ಯಗಳು 20ನೇ ಅಧ್ಯಾಯ ಈ ವಾರ ಮತ್ತೆ ಓದಿ.

ಅದಕ್ಕಿಂತ ಮುಂಚೆ 16ನೇ ಅಧ್ಯಾಯ ಓದಿ. ಅದು ನಿಮ್ಮದೇ ಕತೆ. ಪೌಲ ಆಸ್ಯ ಸೀಮೆಯಲ್ಲಿ ವಾಕ್ಯ ಸಾರಬೇಕು ಅಂದುಕೊಂಡ, ಪವಿತ್ರಾತ್ಮ ತಡೆಯಿತು. ಬಿಥೂನ್ಯಕ್ಕೆ ಹೊರಟ, ಅಲ್ಲಿಗೂ ಬಿಡಲಿಲ್ಲ. ಎರಡು ಬಾಗಿಲು ಮುಚ್ಚಿದವು, ಮೂರನೆಯದು ಯಾವುದು ಅಂತ ಯಾರೂ ಹೇಳಲಿಲ್ಲ. ಹಾಗೇ ನಡೆದು ತ್ರೋವಕ್ಕೆ ಬಂದು ಸೇರಿದ. ಮುಂದೆ ಸಮುದ್ರ. ಮಕೆದೋನ್ಯದವನು ದರ್ಶನದಲ್ಲಿ ಕರೆದದ್ದು ಆಮೇಲೆ. ನಾವು ಪ್ರಸಂಗ ಮಾಡುವಾಗ ಒಂದೇ ಉಸಿರಿಗೆ ಮಕೆದೋನ್ಯಕ್ಕೆ ಹಾರುತ್ತೇವೆ. ತ್ರೋವಕ್ಕೆ ನಡೆದ ಆ ದಾರಿ ಎಷ್ಟು ಉದ್ದ ಇತ್ತು ಅಂತ ಯಾರೂ ಕೇಳುವುದಿಲ್ಲ.

ನಮ್ಮ ಕರಾವಳಿಯಲ್ಲೇ ನೋಡಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಹೆಬಿಕ್ 1834ರಲ್ಲಿ ಮಂಗಳೂರಿಗೆ ಬಂದರು. ಏಳು ವರ್ಷಕ್ಕೆ ಕಣ್ಣೂರಿಗೆ ಹೋದರು. ಅಲ್ಲಿನ ಮಲಯಾಳ ಅವರಿಗೆ ಹಿಡಿತಕ್ಕೆ ಸಿಗಲಿಲ್ಲ, ದುಭಾಷಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಪ್ರಸಂಗ ಮಾಡಿದರು. ಕಿಟೆಲ್ 1853ರಲ್ಲಿ ಬಂದದ್ದು ಸುವಾರ್ತೆ ಸಾರಲು. ನಮ್ಮ ನೆನಪಿನಲ್ಲಿ ಉಳಿದದ್ದು 1894ರ ನಿಘಂಟು. ಎಪ್ಪತ್ತು ಸಾವಿರದಷ್ಟು ಶಬ್ದ. ಅದೇ ಮಿಷನ್ನಿನ ಮೋಗ್ಲಿಂಗ್ ಊರಿಗೆ ವಾಪಸ್ ಹೋಗುವ ಯೋಚನೆಯಲ್ಲಿದ್ದಾಗ ಕೊಡಗಿನಿಂದ ಒಬ್ಬರು ಹುಡುಕಿಕೊಂಡು ಬಂದರು. 1853ರಲ್ಲಿ ಕೊಡಗು ಹತ್ತಿದರು. ಹೊರಡುವಾಗ ಅಂದುಕೊಂಡ ಕೆಲಸವನ್ನೇ ಕೊನೆವರೆಗೆ ಮಾಡಿದವರು ಕಡಿಮೆ.

ಇನ್ನು ಕೆಲಸಕ್ಕೆ ಬರುವ ಮಾತು. ಬಿಟ್ಟ ಮೇಲೆ ಒಂದು ವರ್ಷ ಆ ಸಭೆಯ ಮದುವೆಗೆ, ಸಾವಿಗೆ ಹೋಗಬೇಡಿ. ಹೊಸಬರೇ ಕರೆದರೆ ಮಾತ್ರ ಹೋಗಿ. ಇದು ತುಂಬ ಕಷ್ಟ. ನನ್ನ ಮೂರನೇ ಸಭೆಯಲ್ಲಿ ನಾನು ಇದನ್ನು ಪಾಲಿಸಲಿಲ್ಲ. ಜನ ಎಲ್ಲದಕ್ಕೂ ನನ್ನನ್ನೇ ಕರೆದರು, ನಾನೂ ಹೋದೆ. ನನ್ನ ನಂತರ ಬಂದವರು ಎರಡೇ ವರ್ಷದಲ್ಲಿ ಮನಸ್ಸು ಮುರಿದು ಬಿಟ್ಟು ಹೋದರು. ಅದು ಇವತ್ತಿಗೂ ನನ್ನ ಎದೆಯಲ್ಲಿದೆ.

ಕರಿಬೇವಿನ ಗಿಡ · ಸೋಮವಾರ ಮಧ್ಯಾಹ್ನ 2.30

ನಾನು ಸಭಾಪಾಲಕರ ಹೆಂಡತಿ. ಹೊಸಂಗಡಿ ಕಡೆ ಇದ್ದೇವೆ. ಅಯ್ಯನವರೇ, ತಪ್ಪು ತಿಳಿಯಬೇಡಿ. ನೀವು ಬರೆದದ್ದನ್ನು ಎರಡು ಸಲ ಓದಿದೆ. ಅಮ್ಮನವರ ಬಗ್ಗೆ ಒಂದು ಮಾತೂ ಇಲ್ಲ.

ಪತ್ರದಲ್ಲಿ ಹೆಸರು ಗಂಡನದ್ದು. ಮನೆ ಖಾಲಿ ಮಾಡುವವಳು ಹೆಂಡತಿ. ಮಕ್ಕಳ ಟಿ.ಸಿ. ತರುವುದು, ಗ್ಯಾಸ್ ಬದಲಾಯಿಸುವುದು, ರೇಷನ್ ಕಾರ್ಡ್, ಹಾಲಿನವನ ಲೆಕ್ಕ. ಗಡಿ ದಾಟಿದರೆ ಇನ್ನೂ ಕಷ್ಟ. ಇಲ್ಲಿ ಕೇರಳದ ಸಿಲೆಬಸ್ಸು, ಅಲ್ಲಿ ಕರ್ನಾಟಕದ್ದು. ನನ್ನ ದೊಡ್ಡವಳು ಏಳನೇ ಕ್ಲಾಸಿನ ನಡುವೆ ಶಾಲೆ ಬದಲಾಯಿಸಿ ಒಂದು ವರ್ಷ ಯಾರ ಜೊತೆಯೂ ಮಾತಾಡಲಿಲ್ಲ. ‘ಅಪ್ಪನ ಕರೆಗೆ ನಾನು ಯಾಕೆ ಹೋಗಬೇಕು’ ಅಂತ ಕೇಳಿದ್ದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ನಾನು ಸ್ತ್ರೀಯರ ಸಂಘದಲ್ಲಿ ಹದಿನಾಲ್ಕು ಹೆಂಗಸರಿಗೆ ಹೊಲಿಗೆ ಕಲಿಸಿದೆ. ಇಬ್ಬರು ಅದರಲ್ಲೇ ದುಡಿಯುತ್ತಿದ್ದಾರೆ. ವರ್ಗಾವಣೆಯಾದ ಮೇಲೆ ಅದು ನಿಂತಿತು. ಸಭೆಯ ವರದಿಯಲ್ಲಿ ಅದಕ್ಕೆ ಎರಡು ಸಾಲು ಸಿಕ್ಕಿತು. ನನಗೂ ಒಂದು ಕರೆ ಇತ್ತು ಅಂತ ಆ ಸಾಲು ಓದುವಾಗ ಗೊತ್ತಾಯಿತು. ಬೀಳ್ಕೊಡುವ ದಿನ ಶಾಲು ಹೊದಿಸುವಾಗ ನನಗೂ ಒಂದು ಹೊದಿಸಿದರು. ಶಾಲಿಗಿಂತ, ಹೋಗುವ ಮೊದಲು ಯಾರಾದರೂ ‘ಅಮ್ಮನವರೇ, ನಿಮ್ಮ ಕೆಲಸ ಯಾರಿಗೆ ಒಪ್ಪಿಸುತ್ತೀರಿ’ ಅಂತ ಕೇಳಿದ್ದರೆ ಸಾಕಿತ್ತು.

ಪ್ರತಿ ಮನೆಯಲ್ಲೂ ಒಂದು ಕರಿಬೇವಿನ ಗಿಡ ನೆಡುತ್ತೇನೆ. ಎಲೆ ಕೊಯ್ಯುವಷ್ಟು ದೊಡ್ಡದಾಗುವಾಗ ನಾವು ಹೊರಡುತ್ತೇವೆ. ನೆಡುವುದನ್ನು ಬಿಟ್ಟಿಲ್ಲ. ಐದಾರು ವಾರ ಏನು ಮಾಡಲಿ ಅಂತ ಕೇಳಿದಿರಲ್ವಾ. ಮೊದಲು ಅಮ್ಮನವರ ಜೊತೆ ಕೂತು ಅವರನ್ನು ಕೇಳಿ.

ಉಪ್ಪಳದ ಸಂಡೇ ಸ್ಕೂಲ್ ಟೀಚರ್ · ಸೋಮವಾರ ರಾತ್ರಿ 8.05

ಎಲ್ಲರೂ ‘ಬದಲಾವಣೆ ಒಪ್ಪಿಕೊಳ್ಳಿ’ ಅನ್ನುವ ದಾರಿಗೆ ಹೋಗುತ್ತಿದ್ದೀರಿ. ನಾನು ಒಪ್ಪುವುದಿಲ್ಲ. ಎಲ್ಲ ಬದಲಾವಣೆಯೂ ದೇವರಿಂದ ಬಂದದ್ದು ಅಂತ ಯಾರು ಹೇಳಿದ್ದು?

1956ರ ನವೆಂಬರ್ 1ಕ್ಕೆ ನಮ್ಮನ್ನು ಕೇರಳಕ್ಕೆ ಸೇರಿಸಿದರು. ಚಂದ್ರಗಿರಿಯ ಬಡಗು ಬದಿ ಕರ್ನಾಟಕಕ್ಕೆ ಸೇರಬೇಕು ಅಂತ 1967ರಲ್ಲಿ ಗಡಿ ವಿವಾದದ ಮಹಾಜನ್ ಆಯೋಗ ಹೇಳಿತು, ಆಗಲಿಲ್ಲ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಅಂತ ಕಾನೂನು ಬಂತು, ನಾವು ಬೀದಿಗೆ ಇಳಿದೆವು. ಶಾಲೆ ಹೋಯಿತು, ಕಚೇರಿ ಹೋಯಿತು. ಕನ್ನಡ ಅಕ್ಷರ ನೋಡಲು ನಮ್ಮ ಮಕ್ಕಳಿಗೆ ಉಳಿದ ಜಾಗ ಮನೆಯ ಬೈಬಲ್ ಮತ್ತು ಭಾನುವಾರದ ಹಾಡಿನ ಪುಸ್ತಕ. ಅದನ್ನೂ ನಾವೇ ಕೈಯಾರೆ ಬಿಡಬೇಕಾ?

ನನ್ನ ಅಮ್ಮನಿಗೆ ಎಂಬತ್ತೆರಡು. ಮರೆವಿನ ಕಾಯಿಲೆ. ನನ್ನ ಹೆಸರು ನೆನಪಿಲ್ಲ. 23ನೇ ಕೀರ್ತನೆ ಶುರು ಮಾಡಿದರೆ ಕೊನೆವರೆಗೆ ಹೇಳುತ್ತಾಳೆ, ಕನ್ನಡದಲ್ಲಿ. ಹೊಸ ಸಭಾಪಾಲಕರು ಬಂದು ಅವಳ ಮಂಚದ ಹತ್ತಿರ ಯಾವ ಭಾಷೆಯಲ್ಲಿ ಪ್ರಾರ್ಥಿಸುತ್ತಾರೆ? ದಯವಿಟ್ಟು ಇದಕ್ಕೆ ಉತ್ತರ ಹೇಳಿ.

ಚಂದ್ರಗಿರಿ ದಡ · ಸೋಮವಾರ ರಾತ್ರಿ 10.20

ಟೀಚರ್, ನಿಮ್ಮ ಪ್ರಶ್ನೆಗೆ ಉತ್ತರ ಇದ್ದಿದ್ದರೆ ನಾನು ಈ ಚರ್ಚೆ ಶುರು ಮಾಡುತ್ತಿರಲಿಲ್ಲ. ನಿಮ್ಮ ನೋವು ನನ್ನದೂ ಹೌದು. ಒಂದು ಮಾತು ಮಾತ್ರ ಮನಸ್ಸಿನಲ್ಲಿ ಕೊರೆಯುತ್ತಿದೆ. ನಮ್ಮ ಹಿಂದಿನವರ ಮನೆಮಾತು ತುಳು. 1840ರ ದಶಕದಲ್ಲೇ ಹೊಸ ಒಡಂಬಡಿಕೆ ತುಳುವಿನಲ್ಲಿ ಅಚ್ಚಾಗಿತ್ತು. ಆದರೂ ಆರಾಧನೆಗೆ ಅವರು ಕನ್ನಡ ಕಲಿತರು. ಅದು ಅವರಿಗೂ ಕಲಿತ ಭಾಷೆಯೇ ಅಲ್ವಾ? ಕಲಿತದ್ದೇ ಇಷ್ಟು ಆಳಕ್ಕೆ ಇಳಿಯಿತು. ಇದನ್ನು ವಾದಕ್ಕೆ ಹೇಳುತ್ತಿಲ್ಲ, ನನಗೆ ನಾನೇ ಕೇಳಿಕೊಳ್ಳುತ್ತಿದ್ದೇನೆ.

ಕರಿಬೇವಿನ ಗಿಡದ ಅಮ್ಮನವರೇ, ನೀವು ಹೇಳಿದ್ದು ಸರಿ. ನಿಮ್ಮ ಬರಹವನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ಅವಳು ಒಲೆ ಆರಿಸಿ ಬಂದು ಕೂತಳು. ಇವತ್ತು ಊಟ ತಡವಾಯಿತು. ಒಂಬತ್ತು ವರ್ಷದಲ್ಲಿ ಕೇಳದ ಎಷ್ಟೋ ವಿಷಯ ಕೇಳಿದೆ.

ಬದಿಯಡ್ಕ ಕಡೆಯ ಸಿಸ್ಟರ್ · ಬುಧವಾರ ಸಂಜೆ 5.40

ನಾನು ಕಥೋಲಿಕ ಸಂನ್ಯಾಸಿನಿ. ಊರು ಮಂಗಳೂರಿನ ಹತ್ತಿರ, ಮನೆಮಾತು ಕೊಂಕಣಿ. ನಮ್ಮಲ್ಲೂ ಫಾದರ್‌ಗಳಿಗೆ, ಸಿಸ್ಟರ್‌ಗಳಿಗೆ ಶಾಲೆ ಶುರುವಾಗುವ ಮೊದಲೇ ವರ್ಗ ಆಗುವುದು ಜಾಸ್ತಿ. ನಮ್ಮ ಸಭೆಯ ಕಾನೂನಿನಲ್ಲಿ ವಿಗಾರರಿಗೆ, ಅಂದರೆ ಚರ್ಚು ನೋಡಿಕೊಳ್ಳುವ ಫಾದರಿಗೆ, 75 ತುಂಬಿದರೆ ರಾಜೀನಾಮೆ ಕೊಡಿ ಅಂತ ಕೇಳಿಕೊಳ್ಳುತ್ತಾರೆ. 2013ರ ಫೆಬ್ರುವರಿ 11ಕ್ಕೆ ಪೋಪ್ ಹದಿನಾರನೇ ಬೆನೆಡಿಕ್ಟ್ ತಾವೇ ಇಳಿಯುತ್ತೇನೆ ಅಂದರು. ಸುಮಾರು ಆರುನೂರು ವರ್ಷದಿಂದ ಯಾವ ಪೋಪರೂ ಹಾಗೆ ಮಾಡಿರಲಿಲ್ಲ. ಶಕ್ತಿ ಸಾಲದು ಅಂತ ಹೇಳಿ ಪ್ರಾರ್ಥನೆಯ ಬದುಕಿಗೆ ಹೋದರು. ಆ ದಿನ ನಮ್ಮ ಕಾನ್ವೆಂಟಿನಲ್ಲಿ ಎಷ್ಟೋ ಹೊತ್ತು ಯಾರೂ ಮಾತಾಡಲಿಲ್ಲ.

ನನ್ನದು ಚಿಕ್ಕ ಕತೆ. ಇಪ್ಪತ್ತೆರಡು ವರ್ಷ ಗಣಿತದ ಟೀಚರ್. ಅದೇ ನನ್ನ ಕರೆ ಅಂತ ಇದ್ದೆ. ನಂತರ ಗಂಟಲಿನಲ್ಲಿ ಗಂಟಾಗಿ ಸ್ವರ ಹೋಯಿತು. ಆಪರೇಷನ್ ಆಯಿತು, ಕ್ಲಾಸಿನಲ್ಲಿ ಗಟ್ಟಿಯಾಗಿ ಮಾತಾಡಲು ಆಗಲಿಲ್ಲ. ಏಳು ತಿಂಗಳು ನನಗೆ ಕೆಲಸ ಇರಲಿಲ್ಲ. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದೆ. ಬೆಳಿಗ್ಗೆ ಶಾಲೆಯ ಗಂಟೆ ಹೊಡೆದರೆ ಕೈ ನಿಂತುಬಿಡುತ್ತಿತ್ತು. ಅಯ್ಯನವರೇ, ನಿಮಗೆ ಪೆನ್ನು ಓಡುತ್ತಿಲ್ಲ ಅಂದಿರಿ. ನನಗೆ ಅದು ಗೊತ್ತು.

ಆಮೇಲೆ ಎಣ್ಮಕಜೆ ಕಡೆ ಮನೆಮನೆಗೆ ಹೋಗುವ ಕೆಲಸ ಕೊಟ್ಟರು. ಅಲ್ಲಿ ಗೇರು ತೋಟಗಳಿಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ್ದು ನಿಮಗೆಲ್ಲ ಗೊತ್ತು. ಸುಪ್ರೀಂ ಕೋರ್ಟು 2011ರಲ್ಲಿ ಇಡೀ ದೇಶದಲ್ಲಿ ಅದರ ತಯಾರಿ, ಮಾರಾಟ, ಬಳಕೆ ನಿಲ್ಲಿಸಿತು. ಮಲಗಿದಲ್ಲೇ ಇರುವ ಮಕ್ಕಳು ಇನ್ನೂ ಇದ್ದಾರೆ. ಈಗ ಅವರು ಮಕ್ಕಳಲ್ಲ, ಮೀಸೆ ಬಂದಿದೆ. ಒಬ್ಬ ಹುಡುಗನಿಗೆ ನಾನು ಗಂಜಿ ತಿನ್ನಿಸುತ್ತೇನೆ. ಚಮಚದಲ್ಲಿ ಅರ್ಧ ಮಾತ್ರ ತುಂಬಬೇಕು. ತಲೆ ಸ್ವಲ್ಪ ಎತ್ತಿ ಹಿಡಿದು, ನುಂಗಿದ್ದನ್ನು ಗಂಟಲು ನೋಡಿ ತಿಳಿದು, ಆಮೇಲೆ ಇನ್ನರ್ಧ. ಒಂದು ಬಟ್ಟಲಿಗೆ ನಲವತ್ತೈದು ನಿಮಿಷ. ಅವನ ಅಮ್ಮ ಅಷ್ಟರಲ್ಲಿ ಸ್ನಾನ ಮಾಡಿ ಬರುತ್ತಾಳೆ. ದಿನದಲ್ಲಿ ಅವಳಿಗೆ ಸಿಗುವ ಬಿಡುವು ಅದೊಂದೇ.

ಅವನಿಗೆ ನನ್ನ ದೊಡ್ಡ ಸ್ವರ ಬೇಡ. ಮೆಲ್ಲನೆ ಮಾತಾಡಿದರೇ ಅವನಿಗೆ ಹೆದರಿಕೆಯಾಗುವುದಿಲ್ಲ.

ಸ್ವರ ಹೋಗಲಿ ಅಂತ ದೇವರೇ ಮಾಡಿದ ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳುವವರನ್ನು ಕಂಡರೆ ಬೇಸರವಾಗುತ್ತದೆ. ಉಳಿದ ಸ್ವರಕ್ಕೂ ಕೆಲಸ ಇತ್ತು. ನನಗೆ ಗೊತ್ತಾದದ್ದು ಅಷ್ಟು.

ಉಪ್ಪಳದ ಟೀಚರ್, ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ತಲಪಾಡಿಯ ಟೈಲ್ಸ್ ಕೆಲಸದವ · ಬುಧವಾರ ರಾತ್ರಿ 11.10

ಪಾಸ್ಟರ್ ಅಣ್ಣ, ನಿಮಗೆ ಪತ್ರ ಬಂತು. ಪತ್ರ ಬರುವುದೂ ಒಂದು ಆಶೀರ್ವಾದ. ನಮ್ಮಂಥ ಸ್ವತಂತ್ರ ಸಭೆಯವರಿಗೆ ‘ನಿನ್ನ ಕೆಲಸ ಇಲ್ಲಿಗೆ ಸಾಕು’ ಅಂತ ಹೇಳುವವರು ಯಾರೂ ಇಲ್ಲ.

ನಾನು ಪೂರ್ಣಾವಧಿ ಸೇವೆಯಲ್ಲಿದ್ದೆ. ಮನೆಯಲ್ಲೇ ಆರಾಧನೆ, ಇಪ್ಪತ್ತು ಇಪ್ಪತ್ತೈದು ಜನ. ಹೊರಗಿನ ಒಂದು ಸೇವಾ ಸಂಸ್ಥೆಯಿಂದ ತಿಂಗಳಿಗೆ ಸ್ವಲ್ಪ ಹಣ ಬರುತ್ತಿತ್ತು. 2020ರ ಮಾರ್ಚಿನಲ್ಲಿ ಕೊರೋನಾ ಬಂತು, ಗಡಿಯಲ್ಲಿ ಮಣ್ಣು ಸುರಿದು ರಸ್ತೆ ಮುಚ್ಚಿದರು. ನಮ್ಮ ಸಭೆಯ ಅರ್ಧ ಜನ ಆ ಕಡೆ, ಅರ್ಧ ಈ ಕಡೆ. ಡಯಾಲಿಸಿಸಿಗೆ ಮಂಗಳೂರಿಗೆ ಹೋಗುತ್ತಿದ್ದ ಒಬ್ಬರು ಅಣ್ಣ ಇದ್ದರು. ಅವರಿಗಾಗಿ ಫೋನಿನಲ್ಲಿ ಪ್ರಾರ್ಥನೆ ಮಾಡುವುದು ಬಿಟ್ಟು ನನ್ನ ಕೈಯಲ್ಲಿ ಏನೂ ಆಗಲಿಲ್ಲ. ಜೂನ್ ಹೊತ್ತಿಗೆ ತಿಂಗಳ ಹಣವೂ ನಿಂತಿತು.

ಮತ್ತೆ ಕರಣೆ ಹಿಡಿದೆ. ಮೊದಲು ಮಾಡುತ್ತಿದ್ದ ಕೆಲಸವೇ. ಪೌಲ ಗುಡಾರ ಹೊಲಿದ ಅಂತ ಎಷ್ಟೋ ಸಲ ಪ್ರಸಂಗ ಮಾಡಿದ್ದೆ. ಆದರೆ ನಾನೇ ಮೊಣಕಾಲೂರಿ ಬೇರೆಯವರ ಬಚ್ಚಲಿಗೆ ಟೈಲ್ಸ್ ಕೂರಿಸುವಾಗ ನಾಚಿಕೆಯಾಯಿತು. ಸಭೆಯವರ ಕಣ್ಣಿಗೆ ಬೀಳಬಾರದು ಅಂತ ಕುಂಬಳೆ ದಾಟಿ ಕೆಲಸಕ್ಕೆ ಹೋಗುತ್ತಿದ್ದೆ. ಸೇವೆಯಲ್ಲಿ ಸೋತವನು ಅನ್ನುವ ಭಾವನೆ ಎರಡು ವರ್ಷ ಬಿಡಲಿಲ್ಲ.

ಯೆಹೋಶುವನ ಪುಸ್ತಕದ 5ನೇ ಅಧ್ಯಾಯದಲ್ಲಿ ಒಂದು ಮಾತಿದೆ. ಇಸ್ರಾಯೇಲರು ಕಾನಾನಿನ ಬೆಳೆ ತಿಂದ ಮರುದಿನದಿಂದ ಮನ್ನ, ಅಂದರೆ ಮರಳುಗಾಡಿನಲ್ಲಿ ದೇವರು ಆಕಾಶದಿಂದ ಕೊಡುತ್ತಿದ್ದ ಆಹಾರ, ನಿಂತುಹೋಯಿತು. ನಲವತ್ತು ವರ್ಷ ಬಿದ್ದದ್ದು. ಬೆಳಿಗ್ಗೆ ಪಾತ್ರೆ ಹಿಡಿದು ಹೊರಗೆ ಬಂದವರಿಗೆ ಹೇಗಾಗಿರಬೇಡ! ದೇವರು ಕೈಬಿಟ್ಟ ಅಂತ ಎಷ್ಟು ಜನ ಅಂದುಕೊಂಡರೋ. ಹೊಲದಲ್ಲಿ ಬೆಳೆ ನಿಂತಿತ್ತು. ಕೊಯ್ದು, ಬಡಿದು, ಬೀಸಿ ತಿನ್ನಬೇಕಾಗಿತ್ತು ಅಷ್ಟೇ.

ಈಗ ವಾರಕ್ಕೆ ಐದು ದಿನ ಟೈಲ್ಸ್. ನನ್ನ ಜೊತೆ ಕೆಲಸ ಮಾಡುವ ಹುಡುಗರು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಹೇಳುವ ವಿಷಯಗಳನ್ನು ಒಬ್ಬ ಪಾಸ್ಟರಿಗೆ ಯಾರೂ ಹೇಳುವುದಿಲ್ಲ. ಕುಡಿತದ್ದು, ಸಾಲದ್ದು, ಹೆಂಡತಿಗೆ ಹೊಡೆದದ್ದು. ನಾನು ಮೊದಲಿಗಿಂತ ಕಡಿಮೆ ಮಾತಾಡುತ್ತೇನೆ.

ಅಕ್ಕಲಕೋಟೆಯಿಂದ · ಗುರುವಾರ ಬೆಳಿಗ್ಗೆ 7.30

ನಾವು ಸೋಲಾಪುರ ಜಿಲ್ಲೆಯವರು. ನಮ್ಮ ಮಂದಿ ಮನ್ಯಾಗ ಕನ್ನಡ, ಮಕ್ಕಳ ಸಾಲಿ ಮರಾಠಿ. ನಮ್ಮ ಸಭೆಯಲ್ಲಿ ಪ್ರಸಂಗ ಮರಾಠಿಯಲ್ಲಿ, ಹಾಡು ಕನ್ನಡದಲ್ಲಿ. ಸತ್ತವರ ಮನೆಯ ಪ್ರಾರ್ಥನೆ ಪೂರ್ತಿ ಕನ್ನಡದಲ್ಲೇ. ಇದನ್ನು ಯಾವ ಕಮಿಟಿಯೂ ತೀರ್ಮಾನಿಸಲಿಲ್ಲ. ಹಾಗೇ ಆಯಿತು. ಸಮಾಧಾನ ಬೇಕಾದಾಗ ಜನ ತಾವಾಗಿಯೇ ಕನ್ನಡಕ್ಕೆ ಬರುತ್ತಾರೆ. ಹೊಸ ಅಯ್ಯನವರಿಗೆ ಪ್ರಸಂಗದ ಕನ್ನಡ ಬರದಿದ್ದರೂ ನಡೆಯುತ್ತದೆ. ಸಾವಿನ ಮನೆಯ ಕನ್ನಡ ಮೊದಲು ಕಲಿಸಿ.

ಹೆಸರು ಬೇಡ · ಗುರುವಾರ ರಾತ್ರಿ 12.05

ನನಗೆ 23. ಮುಳ್ಳೇರಿಯ ಕಡೆಯವಳು. ದೇವಶಾಸ್ತ್ರ ಓದಬೇಕು ಅಂತ ಎರಡು ವರ್ಷದಿಂದ ಮನಸ್ಸಿದೆ. ಮನೆಯಲ್ಲಿ ಬಿ.ಎಡ್. ಮಾಡು ಅನ್ನುತ್ತಾರೆ. ನಿಮ್ಮೆಲ್ಲರ ಕತೆ ಓದಿದರೆ ಕರೆ ಅನ್ನುವುದು ಮತ್ತೆ ಮತ್ತೆ ಬದಲಾಗುತ್ತದೆ ಅನ್ನಿಸುತ್ತದೆ. ಹಾಗಾದರೆ ಈಗ ನನಗೆ ಅನ್ನಿಸುತ್ತಿರುವುದು ನಿಜವಾದ ಕರೆ ಅಂತ ಹೇಗೆ ತಿಳಿಯುವುದು?

ಬಲ್ಮಠದ ಹಳೆ ವಿದ್ಯಾರ್ಥಿ · ಶುಕ್ರವಾರ ಬೆಳಿಗ್ಗೆ 6.00

ಮಗಳೇ, ಅವಸರ ಮಾಡಬೇಡ. ನಿನ್ನ ಊರಿನ ಸಭೆಯಲ್ಲಿ ಯಾರೂ ಮಾಡಲು ಇಷ್ಟಪಡದ ಒಂದು ಕೆಲಸ ತೆಗೆದುಕೊಂಡು ಒಂದು ವರ್ಷ ಮಾಡು. ಕಾಯಿಲೆಯವರ ಮನೆಗೆ ಹೋಗುವುದೋ, ಚಿಕ್ಕ ಮಕ್ಕಳ ಕ್ಲಾಸೋ. ಯಾರೂ ಹೊಗಳದಿದ್ದರೂ ಮಾಡಬೇಕು ಅನ್ನಿಸಿದರೆ ನಿಮ್ಮ ಸಭಾಪಾಲಕರ ಹತ್ತಿರ ಹೋಗಿ ಮಾತಾಡು. ಬಿ.ಎಡ್. ಮಾಡಿದರೆ ಕರೆ ಓಡಿ ಹೋಗುವುದಿಲ್ಲ. 1914ರ ಯುದ್ಧ ಶುರುವಾದಾಗ ಬಾಸೆಲ್ ಮಿಷನ್ನಿನ ಜರ್ಮನಿಯವರನ್ನು ಬ್ರಿಟಿಷ್ ಸರ್ಕಾರ ಹಿಡಿದು ಆಮೇಲೆ ಊರಿಗೆ ಕಳಿಸಿತು. ಆಗ ಸಭೆಗಳು ಬಾಗಿಲು ಹಾಕಲಿಲ್ಲ. ಊರಿನ ಉಪದೇಶಿಗಳು, ಶಾಲೆಯ ಮೇಷ್ಟ್ರುಗಳು ನಡೆಸಿದರು. 1947ರ ಸೆಪ್ಟೆಂಬರ್ 27ಕ್ಕೆ ಹಲವು ಪ್ರೊಟೆಸ್ಟೆಂಟ್ ಪಂಗಡಗಳು ಕೂಡಿ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಹುಟ್ಟುವಾಗ ಅಂಥವರು ಕಾದುಕೊಂಡ ಸಭೆಗಳೂ ಇದ್ದವು. ಮೇಷ್ಟ್ರ ಕೆಲಸವನ್ನು ಕಡಿಮೆ ಅಂದುಕೊಳ್ಳಬೇಡ.

ಚಂದ್ರಗಿರಿ ದಡ · ಮೂರು ವಾರದ ನಂತರ, ಭಾನುವಾರ ಸಂಜೆ 6.45

ತಡವಾಗಿ ಬರೆಯುತ್ತಿದ್ದೇನೆ. ಮುಂದಿನ ನೇಮಕ ಇನ್ನೂ ತಿಳಿದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹೊಸ ಸಭಾಪಾಲಕರು ಮೊನ್ನೆ ಬಂದಿದ್ದರು. ನನ್ನ ಹತ್ತಿರ ಮನೆಭೇಟಿಯ ಒಂದು ಪುಸ್ತಕ ಇದೆ. ಕಂದು ಬೈಂಡು ಹಾಕಿದ ಉದ್ದ ಪುಸ್ತಕ. ಒಂದೊಂದು ಮನೆಗೂ ಎರಡು ಮೂರು ಪುಟ. ಒಂಬತ್ತು ವರ್ಷದ್ದು, ಎಲ್ಲ ಕನ್ನಡದಲ್ಲಿ. ಅವರು ತಿರುಗಿಸಿ ನೋಡಿ ಸುಮ್ಮನಾದರು. ನಾನು ಓದುತ್ತೇನೆ ಅಂದೆ. ಪ್ಲಸ್ ಟೂ ಓದುವ ನಮ್ಮ ಸಭೆಯ ಹುಡುಗಿಗೆ ಎರಡೂ ಅಕ್ಷರ ಬರುತ್ತದೆ. ಅವಳು ಮಲಯಾಳದಲ್ಲಿ ಬರೆದುಕೊಂಡಳು. ಹೊರಗೆ ಸೆಕೆ, ಜಗಲಿಯಲ್ಲಿ ಕೂತೆವು.

ಅದಕ್ಕೆ ಮೊದಲು ಹಿಂದಿನ ರಾತ್ರಿ ಒಂದು ಕೆಲಸ ಮಾಡಿದ್ದೆ. ಆ ಪುಸ್ತಕದಲ್ಲಿ ಜನ ನನ್ನನ್ನು ನಂಬಿ ಹೇಳಿದ ವಿಷಯಗಳೂ ಇದ್ದವು. ಅದು ನನಗೆ ಹೇಳಿದ್ದು, ಕುರ್ಚಿಗೆ ಹೇಳಿದ್ದಲ್ಲ. ಅಂಥ ಹನ್ನೊಂದು ಹಾಳೆ ಹರಿದು ಬಚ್ಚಲ ಒಲೆಗೆ ಹಾಕಿದೆ. ಪೂರ್ತಿ ಉರಿಯುವವರೆಗೆ ಅಲ್ಲೇ ಕೂತಿದ್ದೆ. ಎಲ್ಲವನ್ನೂ ಒಪ್ಪಿಸಬಾರದು. ಇದನ್ನು ಚಿಕ್ಕ ಸಭಾಪಾಲಕರು ಯಾರಾದರೂ ಓದುತ್ತಿದ್ದರೆ ಗಮನಿಸಿ.

ಉಳಿದದ್ದನ್ನು ಓದಿದೆ. ‘ಬಾವಿಯ ಹಿಂದಿನ ಮನೆಯ ಅಜ್ಜಿ. ಬಲಗಿವಿ ಕೇಳುವುದಿಲ್ಲ, ಎಡಬದಿಗೆ ಕೂರಬೇಕು. ಗಲ್ಫಿನಲ್ಲಿರುವ ಮಗನ ಬಗ್ಗೆ ನಾವಾಗಿ ಕೇಳಬಾರದು, ಅವಳೇ ಹೇಳಲಿ. ಚಹಾ ಬೇಡ ಅನ್ನಬಾರದು.’ ಹೀಗೆ. ಆಗ ಅವರು ಕೇಳಿದರು, ‘ಈ ಅಜ್ಜಿಗೆ ಯಾವ ಹಾಡು ಇಷ್ಟ?’

ನನಗೆ ಗೊತ್ತಿರಲಿಲ್ಲ. ಒಂಬತ್ತು ವರ್ಷದಲ್ಲಿ ನಾನು ಕೇಳಿರಲಿಲ್ಲ. ಪ್ರತಿ ಸಲ ನಾನೇ ಒಂದು ವಾಕ್ಯ ಆರಿಸಿಕೊಂಡು ಹೋಗುತ್ತಿದ್ದೆ.

ಅವತ್ತೇ ಸಂಜೆ ಇಬ್ಬರೂ ಅಲ್ಲಿಗೆ ಹೋದೆವು. ಅವರು ಎಡಬದಿಗೆ ಕೂತರು. ತಡವರಿಸುವ ಕನ್ನಡದಲ್ಲಿ ಅದನ್ನೇ ಕೇಳಿದರು. ಅಜ್ಜಿ ಹಾಡಲು ಶುರು ಮಾಡಿದಳು, ಸ್ವರ ನಡುಗುತ್ತಿತ್ತು. ಎರಡನೇ ಸಾಲಿಗೆ ಅವರೂ ಸೇರಿದರು, ಮಲಯಾಳದಲ್ಲಿ. ರಾಗ ಒಂದೇ. ಎರಡೂ ಕಡೆಯ ಹಳೆಯ ಹಾಡಿನ ಪುಸ್ತಕಗಳಲ್ಲಿ ಬಾಸೆಲ್ ಮಿಷನ್ ತಂದ ಜರ್ಮನ್ ರಾಗಗಳಿವೆ ಅಂತ ನನಗೆ ಗೊತ್ತಿತ್ತು. ಆದರೆ ಹೀಗೆ ಒಟ್ಟಿಗೆ ಕೇಳಿದ್ದು ಇದೇ ಮೊದಲು. ಅಜ್ಜಿ ಅವರ ಕೈ ಹಿಡಿದುಕೊಂಡೇ ಇದ್ದಳು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳುವುದಿಲ್ಲ. ಮನೆಗೆ ಬರುವಷ್ಟರಲ್ಲಿ ಅದು ಸ್ವಲ್ಪ ಇಳಿದಿತ್ತು.

ಕನ್ನಡದಲ್ಲಿ ಸಾರುವುದು ನನ್ನ ಕರೆ ಅಂತ ಇದ್ದೆ. ಈ ಮೂವತ್ತೊಂದು ಮನೆಯವರನ್ನು ಪ್ರೀತಿಸುವುದು ನನ್ನ ಕರೆಯಾಗಿತ್ತು, ಕನ್ನಡ ಅದಕ್ಕೆ ನನ್ನ ಕೈಯಲ್ಲಿದ್ದ ಪಾತ್ರೆ ಅಂತ ಈಗ ಅನ್ನಿಸುತ್ತದೆ. ಪಾತ್ರೆ ಮುಖ್ಯವಲ್ಲ ಅಂತ ಹೇಳುತ್ತಿಲ್ಲ, ಟೀಚರ್. ಅಕ್ಕಲಕೋಟೆಯವರು ಹೇಳಿದ ಹಾಗೆ ಸಾವಿನ ಮನೆಯ ಪ್ರಾರ್ಥನೆ, 23ನೇ ಕೀರ್ತನೆ, ಕರ್ತನ ಪ್ರಾರ್ಥನೆ ಇಷ್ಟನ್ನು ನಾನು ಕನ್ನಡದಲ್ಲಿ ಓದಿ ಅವರ ಫೋನಿಗೆ ರೆಕಾರ್ಡ್ ಮಾಡಿ ಕೊಟ್ಟಿದ್ದೇನೆ. ಮನೆಯಿಂದ ಬಸ್‌ಸ್ಟಾಂಡಿನವರೆಗೆ ಕೇಳುತ್ತಾ ಹೋದರಂತೆ. ಯುವಕರ ಮಲಯಾಳ ಆರಾಧನೆಗೂ ಹೂಂ ಅಂದೆ. ಮೊದಲನೆಯದು ನಾನಿರುವಾಗಲೇ ಆಗಲಿ, ಹೊಸಬರ ತಲೆಗೆ ಆ ಮಾತು ಬರಬಾರದು ಅಂತ. ಇವತ್ತು ಬೆಳಿಗ್ಗೆ ಆಯಿತು. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ.

ನನ್ನ ಹೆಂಡತಿ ನಡೆಸುತ್ತಿದ್ದ ಶುಕ್ರವಾರದ ಪ್ರಾರ್ಥನಾ ಕೂಟವನ್ನು ಇಬ್ಬರು ಹೆಂಗಸರಿಗೆ ಒಪ್ಪಿಸಿದಳು. ಕಮಿಟಿಯ ಪುಸ್ತಕದಲ್ಲಿ ಅವಳ ಹೆಸರಿನಲ್ಲೇ ಬರೆಸಿದೆವು.

ಉಪ್ಪಳದ ಸಂಡೇ ಸ್ಕೂಲ್ ಟೀಚರ್ · ಭಾನುವಾರ ರಾತ್ರಿ 9.30

ಪಾತ್ರೆಯ ಮಾತು ನನಗೆ ಇನ್ನೂ ಒಪ್ಪಿಗೆಯಾಗಲಿಲ್ಲ. ಪಾತ್ರೆ ಒಡೆದರೆ ನೀರು ಎಲ್ಲಿ ನಿಲ್ಲುತ್ತದೆ?

ಆದರೆ ಅವರು ಎಡಬದಿಗೆ ಕೂತರು ಅಂತ ಬರೆದಿರಿ. ಅದನ್ನು ಅಮ್ಮನ ಹತ್ತಿರ ಕೂತು ಮತ್ತೆ ಓದಿದೆ. ಕನ್ನಡ ಒಂದನೇ ಕ್ಲಾಸಿನ ಪುಸ್ತಕ ನನ್ನ ಹತ್ತಿರ ಇದೆ, ಕಾಪಿ ಪುಸ್ತಕವೂ ಇದೆ. ಶನಿವಾರ ಸಂಜೆ ನನಗೆ ಬಿಡುವು. ಅವರಿಗೆ ಅಕ್ಷರ ಕಲಿಯಲು ಮನಸ್ಸಿದೆಯಾ ಅಂತ ಕೇಳಿ. ಉಪ್ಪಳದಿಂದ ಬಸ್ಸಿನಲ್ಲಿ ನಾನೇ ಬರುತ್ತೇನೆ.

ಚಂದ್ರಗಿರಿ ದಡ · ಭಾನುವಾರ ರಾತ್ರಿ 10.10

ಈಗಲೇ ಫೋನ್ ಮಾಡಿ ಕೇಳಿದೆ, ಟೀಚರ್. ಜೂನ್ ಮೊದಲ ಶನಿವಾರದಿಂದ ನಾಲ್ಕು ಗಂಟೆಗೆ ಕಾಯುತ್ತಾರಂತೆ. ಮಳೆ ಶುರುವಾದರೆ ಮುಂದಿನ ಬಾಗಿಲು ಉಬ್ಬಿ ತೆಗೆಯಲು ಬರುವುದಿಲ್ಲ. ಅಡುಗೆಮನೆಯ ಬದಿಯಿಂದ ಬನ್ನಿ. ಅಲ್ಲಿ ನನ್ನ ಹೆಂಡತಿ ಇವತ್ತು ಒಂದು ಕರಿಬೇವಿನ ಗಿಡ ನೆಟ್ಟಿದ್ದಾಳೆ, ಚಿಕ್ಕದು, ನೋಡಿಕೊಂಡು ಕಾಲಿಡಿ.